ಸೇತುವೆಯ ಹತ್ತಿರ ನಿಂತುಹೋದ ಹಾಡು

ನಮ್ಮ ಕ್ವಾನ್ಯೋನಿ ಕಣಿವೆಯಲ್ಲಿ ಹಾಡು ಬಾರದವರು ಅಂತ ಯಾರೂ ಇಲ್ಲ. ಇಬ್ಬರು ಹಾಡಿದರೆ ಹೊಟ್ಟೆಯೊಳಗಿನ ಕೂಸೂ ಮೂರನೆಯ ದನಿ ಹಿಡಿಯುತ್ತದೆ ಎಂದು ಊರಿಗೆಲ್ಲ ಗೋಗೊ, ಅಂದರೆ ಅಜ್ಜಿ, ಆದ ಮುದುಕಿ ಶೆಂಗೆ ಹೇಳುತ್ತಿದ್ದಳು. ಆದರೆ ಹಾಡುವುದು ಬೇರೆ, ಹಾಡು ಎತ್ತುವುದು ಬೇರೆ. ಸಾವಿನ ಮನೆಯ ಅಂಗಳದಲ್ಲಿ ಅಷ್ಟೂ ಜನ ಬಾಯಿ ಕಟ್ಟಿ ಕೂತಿರುವಾಗ, ಯಾವ ವಾದ್ಯದ ಆಸರೆಯೂ ಇಲ್ಲದೆ ಒಂಟಿ ದನಿಯಲ್ಲಿ ಶುರುಮಾಡಿ, ಉಳಿದವರೆಲ್ಲ ಅದಕ್ಕೆ ಬಂದು ಹೆಗಲು ಕೊಡುವಂತೆ ಮಾಡುವುದಿದೆಯಲ್ಲ, ಅದಕ್ಕೆ ಎದೆ ಬೇಕು. ಮಾಗುಮೆಡೆಗೆ ಆ ಎದೆ ಇತ್ತು. ಗುಮೆಡೆ ಮನೆತನದ ಮಗಳಾದ್ದರಿಂದ ಊರಿಗೆಲ್ಲ ಮಾಗುಮೆಡೆ. ಹುಟ್ಟುಹೆಸರು ಗಂಡನೊಬ್ಬನಿಗೆ ಗೊತ್ತಿತ್ತು, ಅವನು ಚಿನ್ನದ ಗಣಿಯಲ್ಲಿ ಕಲ್ಲು ಬಿದ್ದು ಹೋದ ಮೇಲೆ ಆ ಹೆಸರೂ ಅವನ ಜೊತೆ ಹೋಯಿತು.

ವಾರವೆಲ್ಲ ಪಟ್ಟಣದ ಆಸ್ಪತ್ರೆಯ ಧೋಬಿಖಾನೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆಯುವವಳು. ಗುರುವಾರ ಮಧ್ಯಾಹ್ನವಾದರೆ ಕೆಂಪು ರವಿಕೆ, ಕಪ್ಪು ಲಂಗ, ಬಿಳಿ ಟೋಪಿ ತೊಟ್ಟು ಇಗರ್ಜಿಯಲ್ಲಿ ಹೆಂಗಸರ ಸಾಲಿನ ಮುಂದೆ ಹಾಜರು. ಗುರುವಾರದ ಹೆಂಗಸರು ಅಂದರೆ ನಮ್ಮಲ್ಲಿ ಪಾದ್ರಿಗೂ ಒಂದು ಹೆದರಿಕೆ. ಯಾಕೆಂದರೆ ನಮ್ಮ ಕಡೆಯ ಕಟ್ಟಳೆ ಹಾಗಿದೆ: ಒಮ್ಮೆ ಎತ್ತಿದ ಹಾಡನ್ನು ನೆಲಕ್ಕೆ ಬೀಳಿಸುವಂತಿಲ್ಲ. ಎತ್ತಿದವಳು ತಾನಾಗಿ ನಿಲ್ಲಿಸುವ ತನಕ ಪಾದ್ರಿಯೂ ಮಾತಾಡುವಂತಿಲ್ಲ, ಮುಖಂಡನೂ ಮಾತಾಡುವಂತಿಲ್ಲ, ಹೊಡೆಯಲು ಕೈ ಎತ್ತಿದವನೂ ಕೈ ಇಳಿಸಬೇಕು. ಪಾದ್ರಿ ಹಡೇಬೆ ಪಾಪದ ಫಲದ ಬಗ್ಗೆ ಎಳೆಯತೊಡಗಿದರೆ ಗೋಗೊ ಶೆಂಗೆ ಮೊಣಕೈಯಿಂದ ತಿವಿಯುವಳು.

"ಎತ್ತೇ ತಾಯಿ, ಎತ್ತು. ಇವನು ಆದಾಮನಿಂದ ಶುರುಮಾಡಿದಾನೆ, ನೋಹನ ದೋಣಿ ಹತ್ತೋ ಹೊತ್ತಿಗೆ ನಾನು ಸತ್ತಿರ್ತೀನಿ."

ಮಾಗುಮೆಡೆ ಎತ್ತುವಳು. ಪಾದ್ರಿಯ ಬಾಯಿ ತೆರೆದದ್ದು ತೆರೆದಂತೆಯೇ ಇರುವುದು, ಮೆಲ್ಲಗೆ ಅದೇ ಬಾಯಿಂದ ಪಲ್ಲವಿ ಹೊರಡುವುದು. ಹೆಂಗಸರು ಅಂಗೈಯಿಂದ ಪ್ರಾರ್ಥನೆಯ ಪುಸ್ತಕ ಬಡಿದು ತಾಳ ಹಾಕುವರು. ಮನೆಮನೆಯ ಸಂಕಟವೆಲ್ಲ ಹಾಡಿನ ನಡುವೆಯೇ ಹೊರಬೀಳುವುದು. ಎತ್ತುವವಳು ತನ್ನ ಸಾಲಿನಲ್ಲಿ ತನ್ನ ಮಾತು ಸೇರಿಸಬಹುದು, ಓಗೊಡುವವರು ತಮ್ಮ ಮಾತು ಸೇರಿಸಬಹುದು. ರಾಗ ಮಾತ್ರ ಮುರಿಯಬಾರದು. "ಗಂಡ ಕುಡಿದು ಬಂದ, ಒಡೆಯಾ" ಎಂದು ಯಾವಳೋ ಹಾಡಿದರೆ ಇಡೀ ಇಗರ್ಜಿ "ಕುಡಿದು ಬಂದ, ಕುಡಿದು ಬಂದ" ಎಂದು ಓಗೊಟ್ಟು ಅವಳ ಹೊರೆಯನ್ನು ಪಾಲು ಮಾಡಿಕೊಳ್ಳುವುದು. ಗಂಡಂದಿರು ಇದಕ್ಕೇ ಗುರುವಾರ ಅಂದರೆ ಬೈಯುತ್ತಾರೆ.

ಮಾಗುಮೆಡೆಯ ಮಗ ಫಲಾಖೆ ನಡುದನಿಯವನು. ಅವನ ಜೀವದ ಗೆಳೆಯ ಜಿಬೂಸೆಯದು ಮಂದ್ರ. ಜಿಬೂಸೆಯ ಗಂಟಲು ಒಡೆದು ಗೊರಗೊರ ಅನ್ನುತ್ತಿದ್ದ ವಯಸ್ಸಿನಲ್ಲಿ, ಎದೆಯ ಮೇಲೆ ಅಂಗೈ ಇಟ್ಟು, "ಬಾಯಿಂದ ಬೇಡ ಕಣೋ, ಇಲ್ಲಿಂದ ತೆಗಿ" ಎಂದು ಕಲಿಸಿದವಳು ಮಾಗುಮೆಡೆಯೇ. ಅವನ ಅಮ್ಮ ಮಾಜುಂಗು ಧೋಬಿಖಾನೆಯಲ್ಲಿ ಇವಳ ಜೋಡಿ. ಒಂದು ಬಟ್ಟೆಯ ಈ ತುದಿ ಇವಳ ಕೈಯಲ್ಲಿ, ಆ ತುದಿ ಅವಳ ಕೈಯಲ್ಲಿ. ನಮ್ಮ ಮೆಚ್ಚಿನ ಹಾಡೊಂದಿತ್ತು. "ಹೊರೆ ಹೊತ್ತು ಬಂದೆ" ಎಂದು ಮಾಗುಮೆಡೆ ಎತ್ತಿದರೆ, ಎಲ್ಲರಿಗಿಂತ ಒಂದು ತಾಳ ಮೊದಲು ಜಿಬೂಸೆಯ ಮಂದ್ರ ಒಂಟಿಯಾಗಿ "ಇಳಿಸಿಕೋ ಒಡೆಯಾ" ಎಂದು ನೆಲದಡಿಯಿಂದ ಏಳುವುದು, ಹಿಂದೆಯೇ ಜನವೆಲ್ಲ ಅದನ್ನೇ ಹಿಡಿದು ಹೊರಡುವುದು. ಆ ಒಂದು ತಾಳ ಕೇಳುವುದಕ್ಕೆಂದೇ ಪಕ್ಕದ ಊರಿನವರು ನಮ್ಮಲ್ಲಿಗೆ ಬರುತ್ತಿದ್ದರು.

ಆಮೇಲೆ ಹಾಳು ಕಾಲ ಬಂತು. ಬಿಳಿಯರ ಆಳ್ವಿಕೆ ಮುಗಿಯಿತು, ಸ್ವಾತಂತ್ರ್ಯ ಇನ್ನೇನು ಬಂತು, ಜೈಲಿನ ಬಾಗಿಲು ತೆರೆಯಿತು ಅನ್ನುತ್ತಿದ್ದ ವರ್ಷಗಳಲ್ಲೇ ನಮ್ಮವರು ನಮ್ಮವರನ್ನೇ ಕಡಿದುಕೊಂಡರು. ನದಿಯ ಈ ದಂಡೆ ಕಾಮ್ರೇಡ್ ಹುಡುಗರದು, ಆ ದಂಡೆ ಊರ ನಾಯಕನ ದಂಡಿನದು. ಯಾಕೆ ಹೀಗೆ ಎಂದು ಕೇಳಿದರೆ ಎರಡೂ ಕಡೆಯವರು ಭಾಷಣ ಬಿಗಿಯುತ್ತಾರೆ. ಕೇಳಿ ಕೇಳಿ ನಮ್ಮ ಕಿವಿ ತೂತಾಗಿವೆ. ಸೇತುವೆ ದಾಟಿದ ಗಂಡಸು ಹೆಣವಾಗಿ ಬರುತ್ತಿದ್ದ. ಮನೆ ಸುಡುವುದು ಒಲೆ ಹಚ್ಚಿದಷ್ಟು ಸಲೀಸಾಯಿತು. ಮಾಜುಂಗುವಿನ ಮನೆ ಆ ದಂಡೆಯಲ್ಲಿತ್ತು. ಜಿಬೂಸೆ ಇಗರ್ಜಿಯ ಹಾಡಿನ ಮೇಳಕ್ಕೆ ಬರುವುದು ನಿಂತಿತು. ನಮ್ಮ ಹಾಡಿನಲ್ಲಿ ಆ ಒಂದು ತಾಳ ಖಾಲಿ ಉಳಿಯತೊಡಗಿತು.

ಒಂದು ಸಂಜೆ ಮಾಗುಮೆಡೆ ಒಲೆಯಿಂದ ಜೋಳದ ಉದುರು ಹಿಟ್ಟು ಇಳಿಸಿ, ಹುಳಿ ಹಾಲು ಸುರಿದು ಮಗನ ಮುಂದೆ ಇಟ್ಟಿದ್ದಳಷ್ಟೆ. ಬೇಲಿಯಾಚೆ, ನಲ್ಲಿಯ ಹತ್ತಿರದಿಂದ, ಮೆಲ್ಲಗೆ ಮಂದ್ರದ ದನಿಯೊಂದು ಎದ್ದಿತು: "ಇಳಿಸಿಕೋ ಒಡೆಯಾ." ಮೇಳದ ಹುಡುಗರು ಅಭ್ಯಾಸಕ್ಕೆ ಒಬ್ಬರನ್ನೊಬ್ಬರು ಕರೆಯುತ್ತಿದ್ದುದು ಹಾಗೆಯೇ. ಫಲಾಖೆಯ ಕೈ ತಟ್ಟೆಯಲ್ಲೇ ನಿಂತಿತು.

"ಅಮ್ಮಾ, ಜಿಬೂಸೆ!"

"ಅವನೇ ಕಣೋ," ಎಂದಳು ಮಾಗುಮೆಡೆ. ಅವಳ ಮುಖವೂ ಅರಳಿತ್ತು. "ಎಷ್ಟು ಧೈರ್ಯ ಮಾಡಿ ಬಂದಿದಾನೋ, ಹೋಗು, ಒಳಗೆ ಕರ್ಕೊಂಡ್ ಬಾ. ಅವನಿಗೂ ಒಂದ್ ತುತ್ತು ಹಾಕ್ತೀನಿ."

ಮಗ ಕೈ ಒರೆಸಿಕೊಂಡು ಓಡಿದ. ಅವಳು ಇನ್ನೊಂದು ತಟ್ಟೆ ತೊಳೆಯುತ್ತಿದ್ದಳು. ಕೂಗು ಕೇಳಿತು, ಮಚ್ಚಿನ ಏಟು ಕೇಳಿತು, ಹಸಿ ಸೌದೆ ಸೀಳುವ ಸದ್ದಿನ ಹಾಗೆ. ಅವಳು ಓಡಿ ಹೋದಾಗ ಫಲಾಖೆ ನಲ್ಲಿಯ ಕೆಳಗಿನ ಚರಂಡಿಯಲ್ಲಿ ಬಿದ್ದಿದ್ದ. ಕತ್ತು ಅರ್ಧ ತುಂಡಾಗಿತ್ತು, ಬಾಯಿ ಇನ್ನೂ ಏನೋ ಅನ್ನಲು ನೋಡುತ್ತಿತ್ತು, ಅನ್ನಲು ಗಂಟಲೇ ಉಳಿದಿರಲಿಲ್ಲ. ಅವಳು ಎರಡೂ ಕೈಯಿಂದ ಆ ಗಾಯವನ್ನು ಒತ್ತಿ ಹಿಡಿದು ಕೂತಳು. ಬೆರಳ ಸಂದಿಯಿಂದ ಅವಳ ಮಗ ಹರಿದುಹೋದ.

ಪೊಲೀಸರು ಹಳದಿ ವ್ಯಾನಿನಲ್ಲಿ ಬಂದು, "ಯಾರು ಕರೆದದ್ದು?" ಎಂದು ಕೇಳಿದರು. "ಗೊತ್ತಾಗಲಿಲ್ಲ" ಎಂದಳು. ಕಾಮ್ರೇಡ್ ಹುಡುಗರ ಮುಂದಾಳು ಡೂಮಾ ಬಂದು ಅವಳ ಕಾಲ ಹತ್ತಿರ ಕೂತು ಕೇಳಿದ.

"ಮಾ, ಒಂದು ಹೆಸರು ಹೇಳು, ಸಾಕು. ಸೂರ್ಯ ಹುಟ್ಟೋದರೊಳಗೆ ಅವನ ಮನೆ ಬೂದಿ ಮಾಡ್ತೀನಿ."

ಆ ಮನೆಯಲ್ಲಿ ಮಾಜುಂಗು ಇದ್ದಳು, ಅವಳ ಪುಟ್ಟ ಮಗಳಿದ್ದಳು. ಅಷ್ಟೇ ಅಲ್ಲ. ಹೋಗು ಎಂದು ಮಗನನ್ನು ಕಳಿಸಿದ ಬಾಯಿ ತನ್ನದು. ಆ ಬಾಯಿಯಿಂದ ಇನ್ನೊಂದು ಹೆಸರು ಹೊರಡಿಸಲು ಅವಳಿಗೆ ಹೇಸಿಗೆಯಾಯಿತು. "ಕೇಳಿಸಲಿಲ್ಲ ಮಗಾ" ಎಂದಳು. ಒಳಗೆ ಮಾತ್ರ ಆ ಮಂದ್ರ ನಿಲ್ಲಲೇ ಇಲ್ಲ. ಊಟಕ್ಕೆ ಕೂತರೆ ಕೇಳುವುದು, ಮಗನ ಹೆಣಕ್ಕೆ ಅಂಗಿ ತೊಡಿಸುವಾಗಲೂ ಕೇಳುವುದು. ಸಿಕ್ಕರೆ ಆ ಎದೆಯನ್ನು ಉಗುರಿನಿಂದ ಬಗೆದು ನೋಡುತ್ತೇನೆ, ಒಳಗೆ ಏನಿಟ್ಟುಕೊಂಡಿದ್ದಾನೆ ಅಂತ, ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

ಶನಿವಾರ ಮಣ್ಣು. ಶವಪೆಟ್ಟಿಗೆಗೆ ಬಾವುಟ ಹೊದಿಸಿ ಡೂಮಾನ ಹುಡುಗರು ಹೊತ್ತರು. ಕಾಲು ಕುಪ್ಪಳಿಸುತ್ತ, ಮಚ್ಚು, ದೊಣ್ಣೆ, ಕೊಳವೆಯಿಂದ ಮಾಡಿದ ನಾಡಬಂದೂಕು ಎತ್ತುತ್ತ, ಕೊಲ್ಲುತ್ತೇವೆ ಸುಡುತ್ತೇವೆ ಎಂಬ ಹಾಡು ಹಾಡುತ್ತ ಗುಡ್ಡ ಹತ್ತಿದರು. ಪೆಟ್ಟಿಗೆ ಅವರ ಹೆಗಲ ಮೇಲೆ ಎಗರಿ ಎಗರಿ ಬೀಳುತ್ತಿತ್ತು. ನನ್ನ ಮಗನನ್ನು ಸತ್ತ ಮೇಲೂ ಕುಣಿಸುತ್ತಿದ್ದಾರಲ್ಲ ಎಂದು ಮಾಗುಮೆಡೆಗೆ ಮೈ ಉರಿಯಿತು. ಗುಂಡಿಯ ಹತ್ತಿರ ಅವಳು ಮುಂದೆ ಬಂದು ನಿಂತಾಗ ಡೂಮಾ ತಡೆದ.

"ಮಾ, ಇದು ಕಾಮ್ರೇಡ್ ಸಾವು. ಆ ಅಳುಮುಂಜಿ ಹಾಡುಗಳು ಇವತ್ತು ಬೇಡ."

"ಹೆತ್ತವಳು ನಾನು," ಎಂದಳು ಅವಳು. "ನಿನ್ನ ಸುರಿಯೋ ಮೂಗು ಒರೆಸಿದವಳೂ ನಾನೇ. ಆಚೆ ನಿಲ್ಲೋ."

ಹುಡುಗರಲ್ಲೇ ಯಾರೋ ನಕ್ಕರು. ಡೂಮಾ ಆಚೆ ನಿಂತ. ಅವಳು ಎತ್ತಿದಳು. "ಹೊರೆ ಹೊತ್ತು ಬಂದೆ..." ಎಲ್ಲರೂ ಆ ಖಾಲಿ ತಾಳ ದಾಟುವುದನ್ನು ಕಾಯುತ್ತಿದ್ದರು. ಆಗ ಜನರ ಹಿಂದಿನಿಂದ ನೆಲದಡಿಯ ಆ ಮಂದ್ರ ಎದ್ದಿತು. "ಇಳಿಸಿಕೋ ಒಡೆಯಾ."

ಏನು ಹೇಳಬೇಕು ಈ ಹುಡುಗನಿಗೆ! ಕಂಬಳಿ ಹೊದ್ದು, ಟೋಪಿ ಮುಖಕ್ಕೆ ಎಳೆದು, ಗೆಳೆಯನ ಮಣ್ಣಿಗೆ ಕದ್ದು ಬಂದವನು ಕಲ್ಲಿನ ಹಾಗೆ ನಿಂತು ಹೋಗಬಹುದಿತ್ತು. ಆದರೆ ಮಾಗುಮೆಡೆ ಎತ್ತಿದಾಗ ಓಗೊಡದೆ ಇರುವುದು ಅವನಿಗೆ ಗೊತ್ತೇ ಇರಲಿಲ್ಲ. ಸೀನು ಬಂದಷ್ಟೇ ಸಹಜವಾಗಿ ಬಾಯಿ ತೆರೆಯಿತು. ಇಡೀ ಕಣಿವೆಯಲ್ಲಿ ಅಂಥ ದನಿ ಒಂದೇ. ಮಾಗುಮೆಡೆಗೆ ಮುಂದಿನ ಸಾಲು ಹೊರಡಲಿಲ್ಲ, ಜನ ತಿರುಗಿದರು. ಯಾರೋ ಕಂಬಳಿ ಕಿತ್ತರು.

"ಆಚೆ ದಂಡೆಯವನು! ಮಾಜುಂಗು ಮಗ!"

ದೊಣ್ಣೆಯೊಂದು ಅವನ ತಲೆಗೆ ಬಿತ್ತು. ಮೊಣಕಾಲೂರಿ ಬಿದ್ದವನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಇನ್ನೊಬ್ಬ ಮಚ್ಚು ಬೀಸಿದ, ಕಿವಿಯ ತುದಿ ಹಾರಿಹೋಯಿತು. ಯಾರೋ ಆಗಲೇ ಕೊರಳಿಗೆ ಹಾಕಿ ಸುಡುವ ಟೈರು ತರಲು ಓಡಿದ್ದರು. ಮಾಗುಮೆಡೆಗೆ ಒಂದು ಗಳಿಗೆ ಎದೆ ತಣ್ಣಗಾಯಿತು. ಸುಳ್ಳೇಕೆ, ತಣ್ಣಗಾಯಿತು. ತಾನು ಹೆಸರು ಹೇಳಲಿಲ್ಲ, ದೇವರೇ ತಂದು ನಿಲ್ಲಿಸಿದ. ಅಷ್ಟರಲ್ಲಿ ಆ ಹುಡುಗ ತಲೆ ಎತ್ತಿ, ಒಂದು ಕಣ್ಣಿನ ತುಂಬ ರಕ್ತ, ಇನ್ನೊಂದು ಕಣ್ಣಿನಿಂದ ಅವಳನ್ನೇ ನೋಡಿದ. ಅವಳು ಎರಡನೆಯ ಸಾಲು ಎತ್ತಿದಳು. ಯಾಕೆ ಎತ್ತಿದಳೋ ಅವಳಿಗೇ ತಿಳಿಯದು. ಬಾಯಿ ರೂಢಿಯಂತೆ ತೆರೆದುಕೊಂಡಿತು, ಅಷ್ಟೆ.

ಅವಳು ಎತ್ತಿದ ಮೇಲೆ ಓಗೊಡದೆ ಇರಲಾಗುತ್ತದೆಯೇ? ಗೋಗೊ ಶೆಂಗೆ ಪುಸ್ತಕ ಬಡಿದಳು. ಕೆಂಪು ರವಿಕೆಗಳೆಲ್ಲ ಒಂದಾಗಿ ನುಗ್ಗಿ ಹುಡುಗನ ಸುತ್ತ ಕೋಟೆ ಕಟ್ಟಿದವು. ಹಾಡು ನಡೆಯುತ್ತಿರುವಾಗ ಕೈ ಎತ್ತುವಂತಿಲ್ಲ. ಡೂಮಾನ ಹುಡುಗರೂ ಆ ಹೆಂಗಸರ ಮಡಿಲಲ್ಲೇ ಈ ಕಟ್ಟಳೆ ಕಲಿತವರು. ಮಚ್ಚುಗಳು ಮೇಲೆದ್ದಲ್ಲೇ ನಿಂತವು.

"ನಿಲ್ಲಿಸು ಮಾ!" ಡೂಮಾ ಕಿರುಚಿದ. "ಹಾವಿಗೆ ಹಾಲೆರೀತಿದೀಯ!"

ಅವಳು ನಿಲ್ಲಿಸಲಿಲ್ಲ. ಹುಡುಗನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಮಗನ ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲೇ ಬಿಟ್ಟು ಗುಡ್ಡ ಇಳಿಯತೊಡಗಿದಳು. ಸೇತುವೆಯವರೆಗೆ ಹಾಡು ನಡೆದರೆ ಹುಡುಗ ಬದುಕುತ್ತಾನೆ, ನಡುವೆ ನಿಂತರೆ ಸಾಯುತ್ತಾನೆ. ಅಲ್ಲಿದ್ದ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು.

ಆ ಮೆರವಣಿಗೆಯನ್ನು ಏನೆಂದು ಹೇಳಲಿ! ನಡುವೆ ಕೆಂಪು ರವಿಕೆಗಳು, ಸುತ್ತ ಮಚ್ಚುಗಳು, ಎಲ್ಲರ ಬಾಯಲ್ಲೂ ಒಂದೇ ಹಾಡು. ಕೊಲ್ಲಬೇಕೆಂದು ಹಲ್ಲು ಕಡಿಯುತ್ತಿದ್ದವನೂ "ಇಳಿಸಿಕೋ ಒಡೆಯಾ" ಎನ್ನುತ್ತಿದ್ದ, ಕಣ್ಣಲ್ಲಿ ಕೆಂಡ. ಟೈರು ತಂದವರು ಅದನ್ನು ಪಕ್ಕದಲ್ಲೇ ಉರುಳಿಸಿಕೊಂಡು ಬಂದರು, ಪೆಟ್ರೋಲಿನ ವಾಸನೆ ಬರುತ್ತಿತ್ತು. ಡೂಮಾ ಕಾಲು ಅಪ್ಪಳಿಸಿ ತನ್ನ ಯುದ್ಧದ ಹಾಡು ಎತ್ತಿದ. ಹಿಂದಿನ ಹುಡುಗರು ಹಿಡಿದರು. ಎರಡು ಹಾಡುಗಳು ನಡುದಾರಿಯಲ್ಲಿ ಕೊಂಬಿಗೆ ಕೊಂಬು ಕೊಟ್ಟು ನಿಂತವು. ಹೆಂಗಸರು ಪುಸ್ತಕಗಳನ್ನು ಹರಿಯುವಂತೆ ಬಡಿದರು. ಕಲ್ಲೊಂದು ಬಂದು ಗೋಗೊ ಶೆಂಗೆಯ ಬಾಯಿಗೆ ಬಿತ್ತು. ಮುದುಕಿ ಹಲ್ಲನ್ನು ರಕ್ತದ ಜೊತೆ ಉಗಿದು, ರಾಗ ಬಿಡದೆಯೇ, "ಹಲ್ಲು ಹೋಯ್ತು ಒಡೆಯಾ, ಎಸೆದವನ ಅಪ್ಪ ಯಾರು ಒಡೆಯಾ" ಎಂದು ಹಾಡಿಬಿಟ್ಟಳು. ಜನ "ಅಪ್ಪ ಯಾರು, ಅಪ್ಪ ಯಾರು" ಎಂದು ಓಗೊಟ್ಟರು. ಡೂಮಾನ ಹಾಡು ಅಲ್ಲಿಗೆ ಸತ್ತಿತು.

ಸೇತುವೆ ಕಾಣಿಸಿತು. ಆಚೆ ತುದಿಯಲ್ಲಿ ಗುರಾಣಿ ಈಟಿ ಹಿಡಿದ ದಂಡು ಸೇರಿತ್ತು. ಮಾಗುಮೆಡೆಯ ಬೆರಳುಗಳು ಹುಡುಗನ ಮಣಿಕಟ್ಟಿನಲ್ಲಿ ಊರಿದ್ದವು. ನಾಡಿ ಹೊಡೆದುಕೊಳ್ಳುವುದು ಅವಳಿಗೆ ತಿಳಿಯುತ್ತಿತ್ತು. ಬೆಚ್ಚಗಿನ ಕೈ. ನನ್ನ ಮಗನ ಕೈ ತಣ್ಣಗೆ ಗುಡ್ಡದ ಮೇಲಿದೆ, ನಾನು ಈ ಬೆಚ್ಚಗಿನ ಕೈ ಹಿಡಿದುಕೊಂಡು ಇಲ್ಲಿ ನಡೆಯುತ್ತಿದ್ದೇನೆ, ಎಂದುಕೊಂಡಳು. ಪಕ್ಕದಲ್ಲೇ ಆ ಮಂದ್ರ. ಅಂದು ಬೇಲಿಯಾಚೆ ಕೇಳಿದ್ದು ಇದೇ ದನಿ, ಒಂದಿಷ್ಟೂ ಬದಲಾಗಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಹಾಡಿನ ಸಾಲಿನಲ್ಲೇ ಕೇಳಿಬಿಟ್ಟಳು.

"ಉಣ್ಣೋ ಮಗನ ಕರೆದವರು ಯಾರು..."

ಆ ಒಂದು ತಾಳ ಖಾಲಿ ನಿಂತಿತು. ಅವನು ಹಾಡಿದ, ಅವಳು ಕಲಿಸಿದ ಹಾಗೆಯೇ, ಎದೆಯಿಂದ.

"ನಾನೇ ಕರೆದೆ, ಅಮ್ಮಾ, ನಾನೇ ಕರೆದೆ."

ಜನ ಏನು ಹಾಡುತ್ತಿದ್ದೇವೆ ಎಂದು ಯೋಚಿಸಲಿಲ್ಲ. ಮಂದ್ರ ಕೊಟ್ಟದ್ದನ್ನು ಹಿಡಿದು ಹೊರಡುವುದು ಅವರ ರೂಢಿ. ನೂರಾರು ಗಂಟಲು ಒಟ್ಟಿಗೆ, ಹೆಂಗಸರು, ಗಂಡಸರು, ಡೂಮಾ, ಟೈರು ಹಿಡಿದವರು, ಎಲ್ಲರೂ ಹಾಡಿದರು. "ನಾನೇ ಕರೆದೆ, ನಾನೇ ಕರೆದೆ." ಅದು ಮಾಗುಮೆಡೆಯ ಎದೆಗೇ ಬಂದು ಬಡಿಯಿತು. ಹೋಗು, ಒಳಗೆ ಕರ್ಕೊಂಡ್ ಬಾ, ಎಂದವಳು ಯಾರು?

ಮುಂದಿನ ಸಾಲು ಅವಳದು. ಉಸಿರಿತ್ತು. ಗಂಟಲಲ್ಲಿ ದನಿಯೂ ಇತ್ತು. ಸೇತುವೆಯ ಮೊದಲ ಹಲಗೆ ಕಾಲಿಗೆ ಸಿಗುವಷ್ಟು ಹತ್ತಿರವಿತ್ತು. ಮಾಗುಮೆಡೆ ಬಾಯಿ ಮುಚ್ಚಿದಳು.

ಪುಸ್ತಕ ಬಡಿಯುತ್ತಿದ್ದ ಕೈಗಳು ತಾಳಕ್ಕೆ ಕಾದವು, ಸಾಲು ಬರಲಿಲ್ಲ, ನಿಂತವು. ನದಿಯ ಸದ್ದು ಕೇಳಿಸಿತು. ಜಿಬೂಸೆ ಅವಳ ಕಡೆ ತಿರುಗಿದ. ಅವನ ಬಾಯಿ ಓಗೊಡಲು ಸಿದ್ಧವಾಗಿ ಅರ್ಧ ತೆರೆದಿತ್ತು. ಅವಳು ಮಣಿಕಟ್ಟು ಬಿಟ್ಟಳು.

ಮೊದಲ ಮಚ್ಚು ಹೆಂಗಸರ ತಲೆಯ ಮೇಲಿಂದ ಬಂತು. ಅವನು ಅಡ್ಡ ಹಿಡಿದ ಕೈ ಮೊಣಕೈಯಿಂದ ಜೋತುಬಿತ್ತು. ಹೆಂಗಸರನ್ನು ಕೂದಲು ಹಿಡಿದು ಎಳೆದು ಎಸೆದರು. ದೊಣ್ಣೆಗಳು ಬಿದ್ದವು. ಅವನು ಒಮ್ಮೆ "ಅಮ್ಮಾ" ಎಂದ, ಯಾವ ಅಮ್ಮನನ್ನು ಕರೆದನೋ. ಎದೆಯ ಮೇಲೆ ಹತ್ತಿ ತುಳಿದರು. ಟೈರಿಗೆ ಬೆಂಕಿ ಹಚ್ಚುವ ಹೊತ್ತಿಗೆ ಅವನಲ್ಲಿ ಜೀವವಿತ್ತೋ ಇಲ್ಲವೋ, ಇರಲಿಲ್ಲ ಎಂದೇ ನಾವೆಲ್ಲ ಹೇಳಿಕೊಳ್ಳುತ್ತೇವೆ. ಆಚೆ ದಂಡೆಯಿಂದ ಗುಂಡು ಹಾರಿತು, ಈಚೆಯಿಂದಲೂ ಹಾರಿತು. ಮಾಗುಮೆಡೆ ಆ ಹೊಗೆಯಲ್ಲಿ ನಿಂತೇ ಇದ್ದಳು. ಗೋಗೊ ಶೆಂಗೆ ಅವಳನ್ನು ಸೊಂಟ ಹಿಡಿದು ಎಳೆದುಕೊಂಡು ಹೋದಳು. ಫಲಾಖೆಗೆ ನಾಲ್ಕು ಜನ ಅವಸರದಲ್ಲಿ ಮಣ್ಣು ಎಳೆದರು, ಹಾಡಿಲ್ಲದೆ.

ಊರು ಏನೆಂದಿತು ಗೊತ್ತೇ? ಪಾಪ, ಮಾಗುಮೆಡೆಯ ಗಂಟಲು ಒಡೆದುಹೋಯಿತು. ಮಗನ ಹೆಣ ಬಿಟ್ಟು ಶತ್ರುವಿನ ಮಗನನ್ನು ಕಾಯಲು ಹೊರಟಳಲ್ಲ, ಅಂಥವಳು ಎಲ್ಲಿದ್ದಾಳೆ! ಹೆಂಗಸರು ಜೇನುತುಪ್ಪ ತಂದರು, ಬಿಸಿ ಉಪ್ಪುನೀರು ತಂದರು, ಕತ್ತಿಗೆ ಬಟ್ಟೆ ಸುತ್ತಿದರು. ಪಾದ್ರಿ ಹಡೇಬೆ ಭಾನುವಾರ ಅವಳ ಹೆಸರೆತ್ತಿ ಕಣ್ಣೊರೆಸಿಕೊಂಡರು. ಅವಳು ಒಂದು ಮಾತೂ ಆಡಲಿಲ್ಲ. ಆಡದಿದ್ದಷ್ಟೂ ಗಂಟಲು ಒಡೆದದ್ದು ನಿಜವಾಗುತ್ತ ಹೋಯಿತು.

ಬುಧವಾರ ಧೋಬಿಖಾನೆಗೆ ಹೋದಳು. ಹಬೆಯಲ್ಲಿ ಒಂಟಿಯಾಗಿ ಬಟ್ಟೆ ಮಡಿಸಲು ಹೆಣಗುತ್ತಿದ್ದಾಗ ಯಾರೋ ಇನ್ನೊಂದು ತುದಿ ಹಿಡಿದರು. ನೋಡಿದರೆ ಮಾಜುಂಗು. ತಲೆಗೆ ಕಪ್ಪು ಬಟ್ಟೆ ಬಿಗಿದಿದ್ದಳು, ಕೆನ್ನೆ ಬತ್ತಿಹೋಗಿತ್ತು. ಇಬ್ಬರೂ ರೂಢಿಯಂತೆ ಎಳೆದು, ಒದರಿ, ಮಡಿಸಿದರು. ಮಡಿಸುತ್ತ ಹತ್ತಿರ ಬಂದಾಗ ಮಾಜುಂಗು ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

"ಅಕ್ಕಾ, ಎಲ್ಲಾ ಕೇಳಿದೆ. ನಮ್ಮ ದಂಡೆವರೆಗೂ ಕೇಳಿಸ್ತು ನಿನ್ನ ಹಾಡು. ಗಂಟಲು ಹರಿಯೋವರ್ಗೂ ಹಾಡಿದೆಯಂತೆ. ನಿನ್ನ ಋಣ ಯಾವ ಜನ್ಮಕ್ಕೆ ತೀರತ್ತೆ? ಶನಿವಾರ ಅವನ ಮಣ್ಣು. ನೀನು ಬರಬೇಕು. ಅವನಿಗೆ ದನಿ ಕೊಟ್ಟವಳು ನೀನು, ನೀನೇ ಎತ್ತಬೇಕು. ದಂಡಿನವರ ಕಾಲಿಗೆ ಬಿದ್ದು ಒಪ್ಪಿಸಿದೀನಿ."

ಮಾಗುಮೆಡೆ ಕೈ ಎಳೆದುಕೊಂಡಳು. ನಾಲ್ಕು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು, ಚೊಕ್ಕವಾಗಿಯೇ ಬಂತು.

"ನನ್ನ ಗಂಟಲು ಒಡೆದಿರಲಿಲ್ಲ ಕಣೇ."

ಮಾಜುಂಗುವಿಗೆ ಅರ್ಥವಾಗಲಿಲ್ಲ.

"ನಾನೇ ನಿಲ್ಲಿಸಿದೆ. ಫಲಾಖೆನ ಕರೆದದ್ದು ನಾನೇ ಅಂತ ಅವನು ಹೇಳ್ದ. ನಂಗೆ ಮೊದಲೇ ಗೊತ್ತಿತ್ತು. ಆದರೂ ಅವನ ಬಾಯಲ್ಲಿ ಕೇಳಿದ ಮೇಲೆ ನಾನು ಬಾಯಿ ಮುಚ್ಚಿದೆ. ಮುಚ್ಚಿದ್ರೆ ಏನಾಗತ್ತೆ ಅಂತಾನೂ ಗೊತ್ತಿತ್ತು."

ಒಗೆಯುವ ಯಂತ್ರ ಗಡಗಡ ಸುತ್ತುತ್ತಿತ್ತು. ಮಾಜುಂಗು ಕೈಯಲ್ಲಿದ್ದ ಬಟ್ಟೆಯನ್ನು ಕೊನೆಯ ಮಡಿಕೆಯವರೆಗೂ ಮಡಿಸಿ, ಮೇಜಿನ ಮೇಲಿಟ್ಟು, ತಿರುಗಿ ಅವಳ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಕೆಲಸದ ಟೋಪಿ ಹಾರಿತು, ತುಟಿ ಒಡೆಯಿತು. ಮಾಗುಮೆಡೆ ಮುಖ ತಿರುಗಿಸಲಿಲ್ಲ. ಕೊನೆಗೆ ಮಾಜುಂಗುವೇ ಸುಸ್ತಾಗಿ ಒದ್ದೆ ಬಟ್ಟೆಯ ರಾಶಿಯ ಮೇಲೆ ಕುಸಿದಳು.

"ನನ್ನ ಮಗಳ ಹೊಟ್ಟೆಗೆ ಈಟಿ ಇಟ್ಟಿದ್ರು ಕಣೇ ಮುಂಡೇದೇ," ಎಂದಳು. "ನಮ್ಮ ದಂಡಿನವರೇ. ಹಾಡಿ ಕರೀತೀಯೋ, ಇವಳ ಕರುಳು ನೋಡ್ತೀಯೋ ಅಂದ್ರು. ಕರೆದು ಬಂದು ವಾಂತಿ ಮಾಡ್ದ. ಆಮೇಲೆ ಒಂದು ಅಗುಳು ತಿನ್ನಲಿಲ್ಲ. ಮಣ್ಣಿಗೆ ಹೋಗ್ತೀನಿ ಅಂದಾಗ ಬಾಗಿಲಿಗೆ ಅಡ್ಡ ಮಲಗಿದ್ದೆ, ದಾಟ್ಕೊಂಡ್ ಹೋದ."

"ಅದನ್ನ ಅವನು ಹೇಳಲಿಲ್ಲ," ಎಂದಳು ಮಾಗುಮೆಡೆ.

"ಒಂದು ಸಾಲಲ್ಲಿ ಎಷ್ಟು ಹೇಳಕ್ಕಾಗತ್ತೆ? ಇನ್ನೊಂದು ಸಾಲು ನೀನು ಕೊಟ್ಟೆಯಾ?"

ಮಾಗುಮೆಡೆ ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟಳು. ಆಗ ಅವಳು ಅತ್ತಳು, ಮಗ ಸತ್ತ ಮೇಲೆ ಮೊದಲ ಸಲ, ಬಾಯಿಗೆ ಒದ್ದೆ ಬಟ್ಟೆ ತುರುಕಿಕೊಂಡು. ಮಾಜುಂಗು ಸಮಾಧಾನ ಮಾಡಲಿಲ್ಲ. ಎದ್ದು ಕಪ್ಪು ಬಟ್ಟೆ ಬಿಗಿದುಕೊಂಡು ಬಾಗಿಲಲ್ಲಿ ನಿಂತಳು.

"ಶನಿವಾರ ಬಾ. ಬೇರೆ ಯಾರು ಎತ್ತಿದ್ರೂ ನನ್ನ ಮಗನಿಗೆ ಗೊತ್ತಾಗಲ್ಲ. ಆದ್ರೆ ಕೇಳಿಸ್ಕೋ, ಈ ಸಲ ನಡುವೆ ನಿಲ್ಲಿಸಿದ್ರೆ ನಿನ್ನ ಕತ್ತು ನಾನೇ ಹಿಸುಕ್ತೀನಿ."

ಶನಿವಾರ ಮಾಗುಮೆಡೆ ಸೇತುವೆ ದಾಟಿದಳು. ಬೇಡ ಎಂದು ಊರೇ ಅಡ್ಡ ನಿಂತಿತು. ಜೊತೆಗೆ ಬಂದವಳು ಗೋಗೊ ಶೆಂಗೆ ಒಬ್ಬಳೇ. "ನನಗಿನ್ನೇನು ಉಳಿದಿದೆ, ಹಲ್ಲೂ ಇಲ್ಲ," ಎಂದು ಬಂದಳು. ಆಚೆ ದಂಡೆಯಲ್ಲಿ ಈಟಿಗಳ ನಡುವೆ ದಾರಿ ಬಿಟ್ಟರು. ಮಾಗುಮೆಡೆಯ ಬೆನ್ನಿಗೆ ಯಾರೋ ಉಗಿದರು. ಫಲಾಖೆಯನ್ನು ಕಡಿದವರು ಆ ಗುಂಪಿನಲ್ಲೇ ಇದ್ದಿರಬೇಕು, ಮುಖ ನೋಡುತ್ತ ಹೋಗಲು ಅವಳಿಗೆ ಶಕ್ತಿ ಇರಲಿಲ್ಲ. ಪೆಟ್ಟಿಗೆಗೆ ಮೊಳೆ ಹೊಡೆದು ಮುಚ್ಚಿದ್ದರು, ಒಳಗಿದ್ದುದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಅವಳು ಗುಂಡಿಯ ತಲೆದೆಸೆಯಲ್ಲಿ ನಿಂತಳು. ಮಾಜುಂಗು ಹಿಂದೆ ಬಂದು ನಿಂತು, ಅವಳ ಕತ್ತಿನ ಹಿಂಭಾಗಕ್ಕೆ ಕೈ ಹಾಕಿ ಹಿಡಿದಳು. ಮಾಗುಮೆಡೆ ಎತ್ತಿದಳು. "ಹೊರೆ ಹೊತ್ತು ಬಂದೆ..." ಖಾಲಿ ತಾಳ ಹೋಯಿತು. ಜನ ಓಗೊಟ್ಟರು, ಬೇಕೋ ಬೇಡವೋ ಎಂಬಂತೆ. ಗಂಡಸರು ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸಿದರು. ಎರಡನೆಯ ಸಾಲು, ಮೂರನೆಯ ಸಾಲು. ಆಮೇಲೆ ಅವಳು ಆ ಈಟಿಗಳ ಮುಂದೆ, ದಂಡಿನ ಎದುರಿಗೆ, ರಾಗ ಮುರಿಯದೆ ಹಾಡಿದಳು.

"ಬಾಯಿ ಮುಚ್ಚಿ ಕೊಂದೆ, ನಾನೇ ಕೊಂದೆ..."

ಯಾರೂ ಓಗೊಡಲಿಲ್ಲ. ಮಣ್ಣು ಎಳೆಯುತ್ತಿದ್ದ ಗುದ್ದಲಿಗಳು ನಿಂತವು. ಮುಂದಿನ ಸಾಲಿನಲ್ಲಿದ್ದ ಗಂಡಸೊಬ್ಬ ಈಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಗೋಗೊ ಶೆಂಗೆ ಕಣ್ಣು ಮುಚ್ಚಿದಳು. ಕತ್ತಿನ ಮೇಲಿದ್ದ ಮಾಜುಂಗುವಿನ ಬೆರಳುಗಳು ಬಿಗಿದವು, ಇನ್ನೂ ಬಿಗಿದವು, ಉಸಿರು ಸಿಕ್ಕಿಬಿದ್ದಿತು. ಮಾಗುಮೆಡೆ ಕದಲಲಿಲ್ಲ.

"ಮುಂದಿನ ಸಾಲು," ಎಂದಳು ಮಾಜುಂಗು ಅವಳ ಕಿವಿಯಲ್ಲಿ, ಬೆರಳು ಸಡಿಲಿಸಿ. "ಎತ್ತೇ. ನನ್ನ ಮಗ ಕಾಯ್ತಿದಾನೆ."

ಮಾಗುಮೆಡೆ ಎತ್ತಿದಳು. ಗುಂಡಿ ತುಂಬಿ, ಮಣ್ಣು ದಿಬ್ಬವಾಗಿ, ಮೇಲೆ ಕಲ್ಲು ಪೇರಿಸಿ ಗಂಡಸರು ಕೈ ತೊಳೆದುಕೊಳ್ಳಲು ಹೋದ ಮೇಲೂ ನಿಲ್ಲಿಸಲಿಲ್ಲ. ಸಾಕು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದವಳು ತನ್ನ ಕೈಯನ್ನು ಇನ್ನೂ ಅವಳ ಕತ್ತಿನಿಂದ ತೆಗೆದಿರಲಿಲ್ಲ.